ನಿಮಗಿದು ಗೊತ್ತೇ?: ಎಡಿಎಚ್‌ಡಿ ಒಂಟಿಯಾಗಿ ಬರುವುದು ಅಪರೂಪ

ಗಮನ ಒಂದೆಡೆ ನಿಲ್ಲದು, ಕೂತಲ್ಲಿ ಕೂರಲಾಗದು, ಯೋಚಿಸುವ ಮೊದಲೇ ಮಾಡಿಬಿಡುವ ಆತುರ. ಎಡಿಎಚ್‌ಡಿ ಎಂದರೆ ಇಷ್ಟೇ ಅಂದುಕೊಂಡಿದ್ದೀರಾ? ಜೊತೆಗೆ ಇನ್ನೇನಿದೆ ಎಂದೂ ನೋಡಬೇಕು.

● ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ ಹಾಗೂ ಸುತ್ತಲಿನ ಹಳ್ಳಿಗಳ 2,064 ಮಕ್ಕಳ ಅಧ್ಯಯನವನ್ನು 2005ರಲ್ಲಿ ಪ್ರಕಟಿಸಿದರು. ಶೇ 12.5ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. 4ರಿಂದ 16 ವರ್ಷದವರಲ್ಲಿ ಹೆಚ್ಚಾಗಿ ಕಂಡವುಗಳಲ್ಲಿ ಅತಿಚಟುವಟಿಕೆಯೂ ಒಂದು.

● ಅಮೆರಿಕದಲ್ಲಿ ಎಡಿಎಚ್‌ಡಿ ಇದ್ದ 579 ಮಕ್ಕಳ ಮೇಲೆ ನಡೆದ ಪ್ರಸಿದ್ಧ ಚಿಕಿತ್ಸಾ ಅಧ್ಯಯನದಲ್ಲಿ (1999) ಬೇರಾವ ಕಾಯಿಲೆಯೂ ಇಲ್ಲದವರು ಸುಮಾರು ಮೂರರಲ್ಲಿ ಒಬ್ಬರು ಮಾತ್ರ.

● ದೊಡ್ಡವರಲ್ಲೂ ಹೀಗೇ. 2006ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯಲ್ಲಿ ಎಡಿಎಚ್‌ಡಿ ಇದ್ದ ವಯಸ್ಕರ ಪೈಕಿ ಸುಮಾರು ಶೇ 47 ಮಂದಿಗೆ ಆತಂಕದ ಕಾಯಿಲೆ, ಶೇ 38 ಮಂದಿಗೆ ಖಿನ್ನತೆಯಂಥ ಕಾಯಿಲೆಗಳಿದ್ದವು.

● ಗಲಾಟೆ ಮಾಡದೆ ಕನಸು ಕಾಣುತ್ತ ಕೂರುವ ಹುಡುಗಿಯರ ಎಡಿಎಚ್‌ಡಿ ಶಾಲೆಯಲ್ಲಿ ಯಾರ ಕಣ್ಣಿಗೂ ಬೀಳದಿರಬಹುದು. ಮುಂದೆ ಖಿನ್ನತೆಗೆಂದು ವೈದ್ಯರ ಬಳಿ ಹೋದಾಗಲೇ ಅದು ಪತ್ತೆಯಾಗುವುದುಂಟು.

● ಖಿನ್ನತೆಯಿಂದ ಗಮನ ತಪ್ಪಿದ್ದರೆ ಅದು ಯಾವಾಗಿನಿಂದ ಎಂದು ಹೇಳಬಹುದು. ಬೈಪೋಲಾರ್ ಕಾಯಿಲೆ ಕೆಲಕಾಲ ಬಂದು, ಇಳಿದು, ಮತ್ತೆ ಬರುತ್ತದೆ. ಎಡಿಎಚ್‌ಡಿ ಮಾತ್ರ 12 ವರ್ಷಕ್ಕೆ ಮುಂಚೆಯೇ ಶುರುವಾಗಿ ಎಡೆಬಿಡದೆ ಇರುತ್ತದೆ. ಮನೋವೈದ್ಯರು ನಲವತ್ತು ದಾಟಿದವರನ್ನೂ “ಮೂರನೇ ಕ್ಲಾಸಿನಲ್ಲಿ ಹೇಗಿದ್ದಿರಿ?” ಎಂದು ಕೇಳುವುದು ಅದಕ್ಕೇ.

● ಆಟಿಸಂ ಇರುವವರಿಗೆ ಎಡಿಎಚ್‌ಡಿ ಎಂದೂ ಬರೆಯಲು ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಬಿಡುತ್ತಿರಲಿಲ್ಲ. 2013ರ ಐದನೇ ಆವೃತ್ತಿ ಈ ತಡೆ ತೆಗೆಯಿತು. ಬೆಂಗಳೂರಿನ ಇಂದಿರಾನಗರದಲ್ಲಿರುವ, 1982ರಲ್ಲಿ ಶುರುವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಆಟಿಸಂ ಮತ್ತು ಕಲಿಕಾ ತೊಂದರೆ ಇರುವ ಮಕ್ಕಳಿಗೂ ನೆರವಾಗುತ್ತಿದೆ.

● ಚಿಕ್ಕ ವಯಸ್ಸಿಗೇ ಕುಡಿತಕ್ಕೆ ದಾಸರಾದವರಲ್ಲಿ ಬಾಲ್ಯದ ಎಡಿಎಚ್‌ಡಿ ಲಕ್ಷಣಗಳು ಹೆಚ್ಚು ಎಂದು 2008ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಅಧ್ಯಯನ ತೋರಿಸಿತು.

● ಎಡಿಎಚ್‌ಡಿಗೂ ಖಿನ್ನತೆಗೂ ಒಂದಷ್ಟು ವಂಶವಾಹಿಗಳು ಸಾಮಾನ್ಯ. ಒಂದೇ ಮನೆಯಲ್ಲಿ ಎರಡೂ ಕಾಣಿಸಿಕೊಂಡರೆ ಸಾಕಿದ ರೀತಿಯನ್ನು ದೂರಬೇಡಿ.

● ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಮಾತ್ರೆ, ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಿಗಳ ಷೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ಮೆಡಿಕಲ್ ಶಾಪ್‌ನವರು ವೈದ್ಯರ ಚೀಟಿಯ ಒಂದು ಪ್ರತಿಯನ್ನು 2 ವರ್ಷ ಜೋಪಾನ ಮಾಡಬೇಕು. ಬೈಪೋಲಾರ್ ಕೂಡ ಇದ್ದರೆ ಮೊದಲು ಅದನ್ನು ಹತೋಟಿಗೆ ತಂದು ಆಮೇಲೆ ಈ ಮಾತ್ರೆ ಕೊಡುವುದು ರೂಢಿ.

● 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿಯ ಹೆಸರಿಲ್ಲ. ಪ್ರಮಾಣಪತ್ರ ಬೇಕೆನ್ನುವವರಿಗೆ ಜೊತೆಗಿರುವ ತೊಂದರೆಯ ಪತ್ತೆ ಇನ್ನೂ ಮುಖ್ಯ.

● ಎಲ್ಲಿಗೆ ಹೋಗುವುದು? ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಲ್ಲಿ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗಲೆಂದು ರಾಜ್ಯ ಸರ್ಕಾರ ‘ಮನೋಚೈತನ್ಯ’ ಯೋಜನೆ ತಂದಿದೆ.

● ಮನೆಯಿಂದಲೇ ಕೇಳಬೇಕೆ? 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಮಗುವಿನ ತುಂಟತನವೊಂದನ್ನೇ ಹೇಳಿ ಮುಗಿಸಬೇಡಿ. ನಿದ್ದೆ, ಭಯ, ಬೇಸರದ ವಿಷಯವನ್ನೂ ಹೇಳಿ.