ಕಾಲೇಜಿನ ಅರ್ಜಿಗೆ ನಮ್ಮೂರು ಯಾವುದು?

ಹೊರನಾಡಿನಲ್ಲಿ ಮನೆ ಮಾಡಿದ ಕನ್ನಡಿಗನನ್ನು ‘ಯಾವೂರಾಯಿತು ನಿಮ್ಮದು?’ ಎಂದು ಕೇಳಿ ನೋಡಿ. ಇಪ್ಪತ್ತು ವರ್ಷ ಮಾಟುಂಗದಲ್ಲೋ ಮಾಂಬಲದಲ್ಲೋ ಬಾಡಿಗೆ ಕೊಟ್ಟು ಕಳೆದಿದ್ದರೂ ‘ಧಾರವಾಡ’ ಎಂದೋ ‘ಉಡುಪಿಯ ಹತ್ತಿರ’ ಎಂದೋ ಹೇಳುತ್ತಾನೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮಗನೋ ಮಗಳೋ ಹನ್ನೆರಡನೆಯ ತರಗತಿ ಮುಗಿಸಿ ಕಾಲೇಜಿಗೆ ಅರ್ಜಿ ತುಂಬುವಾಗ ಇದೇ ಪ್ರಶ್ನೆ ಬರುತ್ತದೆ; ಅಲ್ಲಿ ಮನಸ್ಸಿನ ಊರು ನಡೆಯದು. ಮಗು ಎಲ್ಲಿ ಓದಿತು, ಎಷ್ಟು ವರ್ಷ ಓದಿತು, ಅದಕ್ಕೆ ಕಾಗದ ಎಲ್ಲಿದೆ ಎಂಬುದೇ ಅಲ್ಲಿನ ಊರು. ಈ ಊರು ನಿಶ್ಚಯವಾಗುವುದು ಅರ್ಜಿ ತುಂಬುವ ದಿನವಲ್ಲ. ಅದಕ್ಕೆ ನಾಲ್ಕೈದು ವರ್ಷ ಮುಂಚೆ, ಮಗು ಪ್ರೌಢಶಾಲೆಯಲ್ಲಿರುವಾಗ.

ಮೊದಲು ನಾವಿರುವ ರಾಜ್ಯಗಳ ಮಾತು. ಮಹಾರಾಷ್ಟ್ರದ ಎಂಜಿನಿಯರಿಂಗ್ ಪ್ರವೇಶದಲ್ಲಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳೆರಡನ್ನೂ ಆ ರಾಜ್ಯದಲ್ಲೇ ಪಾಸು ಮಾಡಿ, ಅಲ್ಲೇ ಹುಟ್ಟಿದವನು ಅಥವಾ ಅಲ್ಲಿನ ಡೊಮಿಸೈಲ್ ಪತ್ರವುಳ್ಳವನು ರಾಜ್ಯದ ಅಭ್ಯರ್ಥಿ ಎನಿಸುತ್ತಾನೆ. ಡೊಮಿಸೈಲಿಗೆ 15 ವರ್ಷದ ವಾಸ ತೋರಿಸಬೇಕು. ತಮಿಳುನಾಡಿನ ಎಂಜಿನಿಯರಿಂಗ್ ಪ್ರವೇಶದಲ್ಲಿ ಎಂಟರಿಂದ ಹನ್ನೆರಡರವರೆಗೆ ಅಲ್ಲೇ ಓದಿದವರಿಂದ ನೇಟಿವಿಟಿ ಪತ್ರ ಕೇಳುವುದಿಲ್ಲ. ತೆಲಂಗಾಣದಲ್ಲಿ ಹನ್ನೆರಡನೆಯದೂ ಸೇರಿ ಕೊನೆಯ ನಾಲ್ಕು ವರ್ಷ ಅಲ್ಲೇ ಓದಿದವನು ಸ್ಥಳೀಯ. ವೈದ್ಯಕೀಯಕ್ಕೆ ನೀಟ್ ಪರೀಕ್ಷೆ ದೇಶಕ್ಕೆಲ್ಲ ಒಂದೇ ಆದರೂ, ರಾಜ್ಯ ಸರಕಾರಿ ಕಾಲೇಜುಗಳ 100 ಸೀಟುಗಳಲ್ಲಿ 15 ಮಾತ್ರ ಅಖಿಲ ಭಾರತದ ಪಾಲು. ಉಳಿದ 85 ಆಯಾ ರಾಜ್ಯದ ನಿಯಮಕ್ಕೆ ಒಳಪಟ್ಟವು.

ಎನ್‌ಐಟಿಗಳ ರೀತಿ ಇನ್ನೊಂದು. ಅಲ್ಲಿನ ಅರ್ಧ ಸೀಟುಗಳು ಸ್ವಂತ ರಾಜ್ಯದವರಿಗೆ. ಸ್ವಂತ ರಾಜ್ಯವೆಂದರೆ ಹನ್ನೆರಡನೆಯ ತರಗತಿ ಪಾಸಾದ ರಾಜ್ಯ; ತಾತನ ಜಮೀನಿರುವ ರಾಜ್ಯವಲ್ಲ. ಸುರತ್ಕಲ್ಲಿನ ಕಡಲ ದಂಡೆಯಲ್ಲಿ ಅಜ್ಜನ ಮನೆಯಿದ್ದರೂ ಸರಿಯೇ, ಮುಂಬಯಿಯಲ್ಲಿ ಹನ್ನೆರಡು ಮುಗಿಸಿದ ಹುಡುಗನಿಗೆ ಸ್ವಂತ ರಾಜ್ಯದ ಸೀಟು ನಾಗಪುರದಲ್ಲಿ, ಚೆನ್ನೈಯವನಿಗೆ ತಿರುಚಿರಾಪಳ್ಳಿಯಲ್ಲಿ, ಹೈದರಾಬಾದಿನವನಿಗೆ ವಾರಂಗಲ್ಲಿನಲ್ಲಿ. ಸುರತ್ಕಲ್ಲಿನಲ್ಲಿ ಅವರೆಲ್ಲ ಪರರಾಜ್ಯದವರ ಸಾಲಿನಲ್ಲಿ ನಿಲ್ಲಬೇಕು. ಐಐಟಿಗಳಲ್ಲಿ ಈ ಭೇದವಿಲ್ಲ. ಸಿಯುಇಟಿಯ ಮೂಲಕ ಸೇರುವ ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಊರಿಗಿಂತ ವಿಷಯಕ್ಕೆ ಬೆಲೆ ಹೆಚ್ಚು; ಹನ್ನೊಂದರಲ್ಲಿ ಗಣಿತ ಬಿಟ್ಟವರಿಗೆ ಅಲ್ಲಿ ಅರ್ಥಶಾಸ್ತ್ರದ ಆನರ್ಸ್ ತರಗತಿ ಎಟುಕದು.

ಹಾಗಾದರೆ ‘ಹತ್ತನೆಯದು ಮುಗಿಯಲಿ, ಪಿಯುಸಿಗೆ ಊರಿಗೆ ಕಳಿಸೋಣ’ ಎಂದು ಅನೇಕ ಮನೆಗಳಲ್ಲಿ ಯೋಚಿಸುತ್ತಾರೆ. ಇದನ್ನು ತೂಗಿ ನೋಡಬೇಕು. ಕರ್ನಾಟಕದ ಸಿಇಟಿಗೆ ಸಾಮಾನ್ಯ ನಿಯಮ, ಒಂದರಿಂದ ದ್ವಿತೀಯ ಪಿಯುಸಿಯ ಒಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬುದು. ಬರಿಯ ಎರಡು ವರ್ಷ ಓದಿದವನಿಗೆ ಮತ್ತೊಂದು ದಾರಿಯಿದೆ: ಪಿಯುಸಿಯ ಎರಡೂ ವರ್ಷ ಅಲ್ಲಿ ಓದಿ ಪಾಸಾಗಿರಬೇಕು, ಜತೆಗೆ ತಂದೆಯಾಗಲಿ ತಾಯಿಯಾಗಲಿ ಕನಿಷ್ಠ ಏಳು ವರ್ಷ ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ಊರಲ್ಲಿ ಓದಿ ಉದ್ಯೋಗಕ್ಕಾಗಿ ಹೊರಟುಬಂದ ತಂದೆಗೆ ಇದು ಸುಲಭ. ಮುಂಬಯಿಯಲ್ಲೇ ಹುಟ್ಟಿ ಅಲ್ಲೇ ಓದಿದ ತಂದೆತಾಯಿಗಳ ಮಗನಿಗೆ ಈ ದಾರಿ ತೆರೆಯದು. ಅವನು ಪಿಯುಸಿಗೆಂದು ಹುಬ್ಬಳ್ಳಿಗೆ ಹೋದರೆ ಸುರತ್ಕಲ್ಲಿನ ಅರ್ಧ ಪಾಲು ದೊರೆತೀತು. ಆದರೆ ಹನ್ನೆರಡನೆಯದು ಮಹಾರಾಷ್ಟ್ರದ್ದಲ್ಲವಾದ್ದರಿಂದ ಅಲ್ಲಿನ ಸೀಟಿಗೂ ತೊಡಕು, ಏಳು ವರ್ಷವಿಲ್ಲದ್ದರಿಂದ ಕರ್ನಾಟಕದ ಸೀಟಿಗೂ ತೊಡಕು. ಮಗುವಿನದು ತ್ರಿಶಂಕುವಿನ ಪಾಡು.

ಹೊರನಾಡ ಕನ್ನಡಿಗರೆಂದೂ ಗಡಿನಾಡ ಕನ್ನಡಿಗರೆಂದೂ ಅರ್ಜಿ ಹಾಕುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಬೇರೆ ಕಲಮುಗಳನ್ನಿಟ್ಟಿದೆ. ಅವರು ಪ್ರಾಧಿಕಾರದ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇಲ್ಲಿಯೇ ನಮ್ಮ ಮನೆಗಳ ಕುಂದು ಹೊರಬೀಳುವುದು. ಮಕ್ಕಳು ಕನ್ನಡ ಆಡುತ್ತಾರೆ, ಜಗಳವನ್ನೂ ಕನ್ನಡದಲ್ಲೇ ಆಡುತ್ತಾರೆ. ಆದರೆ ಅಜ್ಜಿಯ ಎರಡು ಸಾಲಿನ ಕಾಗದವನ್ನು ಓದಲು ಕೊಟ್ಟರೆ ಅಮ್ಮನ ಮುಖ ನೋಡುತ್ತಾರೆ. ಒತ್ತಕ್ಷರ ಕಲಿಯಲು ಹನ್ನೆರಡನೆಯ ತರಗತಿ ತಕ್ಕ ಕಾಲವಲ್ಲ. ಎಂಟನೆಯ ತರಗತಿಯಿಂದ ಭಾನುವಾರಕ್ಕೊಂದು ಗಂಟೆ ಸಾಕು. ನೆರೆಹೊರೆಯ ನಾಲ್ಕು ಕನ್ನಡ ಮನೆಗಳು ಕೂಡಿದರೆ ಅದು ಹೊರೆಯೂ ಆಗದು.

ಪರಿಶಿಷ್ಟ ಜಾತಿ, ಪಂಗಡದ ಬಂಧುಗಳು ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಆಂಧ್ರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ವಿದ್ಯಾರ್ಥಿಯೊಬ್ಬನ ವೈದ್ಯಕೀಯ ಪ್ರವೇಶದ ಮೊಕದ್ದಮೆಯಲ್ಲಿ 1990ರಲ್ಲಿ ಸುಪ್ರೀಂ ಕೋರ್ಟು, ಒಂದು ರಾಜ್ಯದ ಪಟ್ಟಿಯ ಮೀಸಲಾತಿಯನ್ನು ವಲಸೆ ಬಂದವನು ಇನ್ನೊಂದು ರಾಜ್ಯದಲ್ಲಿ ಕೇಳಲಾಗದೆಂದು ತೀರ್ಪಿತ್ತಿತು. ಕೇಂದ್ರದ ಸಂಸ್ಥೆಗಳಲ್ಲಿ ಮೂಲ ರಾಜ್ಯದ ಪ್ರಮಾಣಪತ್ರ ನಡೆಯುತ್ತದೆ. ಆದ್ದರಿಂದ ಊರಿನ ತಹಶೀಲ್ದಾರರ ಕಚೇರಿಯ ಕೆಲಸವನ್ನು ಮುಂದೂಡಬಾರದು.

ಕಡತ ನೋಡುವುದೇ ವೃತ್ತಿಯಾದ ನನಗೆ ಗೊತ್ತಿರುವ ಮಾತು ಇಷ್ಟೆ: ಗುಮಾಸ್ತನು ಮುಖ ನೋಡಿ ಮುದ್ರೆ ಒತ್ತಲಾರ, ಕಾಗದ ನೋಡಿ ಒತ್ತುತ್ತಾನೆ. ಮಗು ಎಂಟನೆಯ ತರಗತಿಗೆ ಕಾಲಿಟ್ಟ ವರ್ಷವೇ ಒಂದು ರಟ್ಟಿನ ಕಡತ ಮಾಡಿ, ಅದರಲ್ಲಿ ಜನನ ಪತ್ರ, ಶಾಲೆ ಬದಲಿಸಿದಾಗಲೆಲ್ಲ ಪಡೆದ ವ್ಯಾಸಂಗ ಪತ್ರ, ಮನೆಯ ವಿಳಾಸದ ದಾಖಲೆ ಇವನ್ನು ಸೇರಿಸುತ್ತ ಹೋಗಿ. ಹೆಸರಿನ ಕಡೆ ವಿಶೇಷ ಗಮನವಿರಲಿ. ಚೆನ್ನೈಯ ಶಾಲೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದೆ ಬರುತ್ತದೆ, ಪುಣೆಯಲ್ಲಿ ಅಡ್ಡಹೆಸರು ಸೇರುತ್ತದೆ. ವರ್ಗವಾಗಿ ಬಂದ ಮಗುವಿಗೆ ಎರಡು ಹೆಸರಾಗುತ್ತವೆ. ಸಿಬಿಎಸ್‌ಇ ಶಾಲೆಗಳಲ್ಲಿ ಒಂಬತ್ತನೆಯ ತರಗತಿಯಲ್ಲೇ ಮಂಡಳಿಗೆ ಹೆಸರು ನೋಂದಾಯಿಸುತ್ತಾರೆ. ತಿದ್ದುಪಡಿಯಿದ್ದರೆ ಅದಕ್ಕೆ ಮುಂಚೆಯೇ ಮಾಡಿಸಬೇಕು.

ನಿಯಮಗಳು ವರ್ಷದಿಂದ ವರ್ಷಕ್ಕೆ ಅಷ್ಟಿಷ್ಟು ಬದಲಾಗುತ್ತವೆ. ಆದಕಾರಣ ನೆರೆಮನೆಯವರ ಮಗನಿಗೆ ಹೋದ ವರ್ಷ ನಡೆದದ್ದನ್ನು ನೆಚ್ಚದೆ ಆಯಾ ವರ್ಷದ ಪ್ರವೇಶ ಕೈಪಿಡಿಯನ್ನು ತಂದೆತಾಯಿಗಳೇ ಓದಬೇಕು. ಇನ್ನು, ಈ ಸಲ ರಜೆಗೆ ಊರಿಗೆ ಹೋದಾಗ ಜಾತ್ರೆ, ಮದುವೆಗಳ ನಡುವೆ ಅರ್ಧ ದಿನ ಬಿಡುವು ಮಾಡಿಕೊಂಡು, ನೀವು ಓದಿದ ಶಾಲೆಗೊಮ್ಮೆ ಹೋಗಿ ನಿಮ್ಮ ಏಳು ವರ್ಷದ ವ್ಯಾಸಂಗ ಪತ್ರ ಕೇಳಿ ತನ್ನಿ. ಹಳೆಯ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಹೆಸರನ್ನು ಮಗುವಿಗೂ ತೋರಿಸಿ. ಅದನ್ನು ಅದೇ ಓದಿ ಹೇಳಲಿ.