ವಿಮಾನಯಾನದ ದೂರ ಮತ್ತು ಕಾಲ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಜನರಿಗೆ ವಿಮಾನವು ಈಗ ಅಪರೂಪದ ನೋಟವಲ್ಲ. ಇದೇ ತಾಲ್ಲೂಕಿನಲ್ಲಿ 2008ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಆರಂಭವಾಯಿತು. ಪ್ರಸಾದನಿಲಯಗಳಲ್ಲಿದ್ದು ಓದಿದ ಹಳ್ಳಿಯ ಮಕ್ಕಳು ದೂರದೇಶಗಳಲ್ಲಿ ನೆಲೆಸುತ್ತಿರುವ ಕಾಲವಿದು. ಊರಿನಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದರೆ, ಮಗನು ಯಾವಾಗ ಬಂದು ಮುಟ್ಟುವನೆಂದು ಮನೆಯವರು ಲೆಕ್ಕ ಹಾಕುತ್ತಾರೆ. ಆ ಲೆಕ್ಕವು ಸರಿಯಾಗಬೇಕಾದರೆ ದೂರ, ಪ್ರಯಾಣದ ಕಾಲ, ಗಡಿಯಾರದ ವೇಳೆ ಈ ಮೂರನ್ನೂ ಬೇರೆಬೇರೆಯಾಗಿ ಅರಿಯುವುದು ಅವಶ್ಯಕ.

ಬೆಂಗಳೂರು ಮತ್ತು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಗೋಡೆಯ ಭೂಪಟದಲ್ಲಿ ಇವೆರಡರ ನಡುವೆ ಗೆರೆ ಎಳೆದರೆ ಅದು ಸಾಗರಗಳನ್ನು ಅಡ್ಡಹಾಯುತ್ತದೆ. ಆದರೆ ಭೂಮಿಯು ಗೋಳಾಕಾರವಾದುದರಿಂದ ಆ ಗೆರೆಯು ಅತಿ ಸಮೀಪದ ಮಾರ್ಗವಲ್ಲ. ಗೋಳದ ಮೇಲೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ಉತ್ತರ ಧ್ರುವದ ಸಮೀಪದಲ್ಲಿ ಹಾದುಹೋಗುತ್ತದೆ. ಹೀಗೆ ಅಳೆದ ದೂರ ಸುಮಾರು 14,000 ಕಿಲೋಮೀಟರು.

2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯ ಪ್ರಥಮ ತಡೆರಹಿತ ವಿಮಾನವು ಧ್ರುವಪ್ರದೇಶದ ಮಾರ್ಗವಾಗಿಯೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದ ಚಾಲಕರೆಲ್ಲರೂ ಮಹಿಳೆಯರಾಗಿದ್ದುದು ಸ್ಮರಣೀಯ.

ಎತ್ತರದಲ್ಲಿ ಇಂತಹ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರು. ಬರಿಯ ಭಾಗಾಕಾರದಿಂದ ಹದಿನೈದೂವರೆ ಗಂಟೆಗಳ ಉತ್ತರ ಬರುತ್ತದೆ. ವಾಸ್ತವದಲ್ಲಿ ಸುಮಾರು ಹದಿನೇಳು ಗಂಟೆಗಳು ಬೇಕಾದವು. ಏರುವಾಗ ಮತ್ತು ಇಳಿಯುವಾಗ ವೇಗವು ಕಡಿಮೆ. ಮಾರ್ಗವೂ ಕೆಲವೆಡೆ ಬಳಸಾಗುತ್ತದೆ. ಗಾಳಿಯ ಪಾತ್ರವೂ ದೊಡ್ಡದು. ಸಮಶೀತೋಷ್ಣ ವಲಯದ ಮೇಲ್ಪದರದಲ್ಲಿ ಪ್ರಬಲವಾದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಆದುದರಿಂದಲೇ ಬೆಂಗಳೂರಿನಿಂದ ಲಂಡನ್ನಿಗೆ ಹೋಗುವುದಕ್ಕಿಂತ ಅಲ್ಲಿಂದ ಬರುವುದಕ್ಕೆ ಸಾಮಾನ್ಯವಾಗಿ ಕಡಿಮೆ ಕಾಲ ಸಾಕು.

ಜನರು ಹೆಚ್ಚಾಗಿ ಎಡವುವುದು ಗಡಿಯಾರದ ವಿಷಯದಲ್ಲಿ. ಮೇಲೆ ಹೇಳಿದ ವಿಮಾನವು ಜನವರಿ 9ರ ರಾತ್ರಿ ಎಂಟೂವರೆಯ ಸುಮಾರಿಗೆ ಹೊರಟು, 11ರ ಬೆಳಗಿನ ಜಾವ ಮೂರು ಗಂಟೆ ದಾಟಿದ ಮೇಲೆ ಇಳಿಯಿತು. ನೋಟಕ್ಕೆ ಇದು ಮೂವತ್ತು ಗಂಟೆಗೂ ಮೀರಿದ ಪ್ರಯಾಣ. ಆದರೆ ಚಳಿಗಾಲದಲ್ಲಿ ಭಾರತದ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅಷ್ಟನ್ನು ಕಳೆದಾಗ ನಿಜವಾದ ಕಾಲ ದೊರೆಯುತ್ತದೆ. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಈ ಅಂತರ ಹನ್ನೆರಡೂವರೆ ಗಂಟೆಯಾಗುತ್ತದೆ.

ಟಿಕೆಟ್ಟಿನಲ್ಲಿ ಮುದ್ರಿತವಾದ ವೇಳೆಗಳು ಆಯಾ ಊರಿನವು ಎಂಬುದನ್ನು ನೆನಪಿಟ್ಟು, ಹೊರಡುವ ವೇಳೆಯನ್ನು ಮೊದಲು ಭಾರತದ ವೇಳೆಗೆ ಪರಿವರ್ತಿಸಿಕೊಂಡರೆ ಗೊಂದಲವಿಲ್ಲ. ನಡುವೆ ವಿಮಾನ ಬದಲಿಸುವುದಿದ್ದರೆ ಕಾಯುವ ಗಂಟೆಗಳನ್ನೂ ಕೂಡಿಸಬೇಕು. ಶಾಲೆಯಲ್ಲಿ ಒಂದು ಭೂಗೋಳ, ಒಂದು ಗೇಣು ದಾರ, ಎರಡು ಗಡಿಯಾರಗಳಿದ್ದರೆ ಈ ಪಾಠವನ್ನು ಹತ್ತು ವರ್ಷದ ಮಗುವಿಗೂ ಮನಗಾಣಿಸಬಹುದು. ಹಾಗೆ ಕಲಿತ ಮಗುವು ಮನೆಯಲ್ಲಿ ಕಾದು ಕುಳಿತ ಅಜ್ಜಿಗೆ, ಮಗನು ಬರುವ ಹೊತ್ತನ್ನು ಸರಿಯಾಗಿ ಹೇಳಬಲ್ಲುದು.