ನೆಲಮಾಳಿಗೆಯ ಒಳಗಿವಿ

ಹದಿನೇಳು ಹದಿನೆಂಟರ ಹರೆಯದ ನಾಲ್ವರು ಹುಡುಗರು ಒಂದು ಸಂಜೆ ನಿಮ್ಮ ಮನೆಯ ಬಾಗಿಲು ತಟ್ಟಿ, “ಸ್ವಾಮೀ, ನಾವೊಂದು ವಾದ್ಯತಂಡ ಕಟ್ಟಿಕೊಂಡಿದ್ದೇವೆ. ನಿಮ್ಮ ಮನೆಯೊಳಗೆ ಎರಡು ಗಂಟೆ ಕಾಲ ನಮ್ಮಿಂದಾದಷ್ಟು ಗಟ್ಟಿಯಾಗಿ ಬಾರಿಸುತ್ತೇವೆ. ನೀವು ಅದನ್ನು ಟೇಪಿನಲ್ಲಿ ಹಿಡಿದು ಕೊಡಬೇಕು” ಎಂದು ಕೇಳಿದರೆ, ವಾಚಕರಲ್ಲಿ ಎಷ್ಟು ಮಂದಿ ಅವರನ್ನು ಒಳಗೆ ಕರೆದಾರು? ಒಂದು ಲೋಟ ಕಾಫಿ ಕೊಟ್ಟು ಸಾಗಹಾಕುವವರೇ ಹೆಚ್ಚು. ಆ ಹುಡುಗರು ತಲೆ ಬೋಳಿಸಿಕೊಂಡು, ಹರಿದ ಅಂಗಿಗೆ ಪಿನ್ನು ಚುಚ್ಚಿಕೊಂಡು ಬಂದಿದ್ದರೆ ಕಾಫಿಯೂ ಸಂದೇಹವೇ.

ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದಿಂದ ಪೊಟೋಮ್ಯಾಕ್ ನದಿಯನ್ನು ದಾಟಿದರೆ ವರ್ಜೀನಿಯಾ ರಾಜ್ಯದ ಆರ್ಲಿಂಗ್ಟನ್ ಸಿಗುತ್ತದೆ. ಸರಕಾರಿ ನೌಕರರೂ ಸೈನ್ಯದ ಅಧಿಕಾರಿಗಳೂ ಬಹುವಾಗಿ ವಾಸಿಸುವ ಶಾಂತವಾದ ಊರು. ಅಲ್ಲಿ ಡಾನ್ ಜಿಯೆಂಟಾರಾ ಎಂಬ ಗೃಹಸ್ಥರು, 1970ರ ದಶಕದ ಕೊನೆಯ ವರ್ಷಗಳಲ್ಲಿ, ಇಂಥ ಹುಡುಗರನ್ನು ಒಳಗೆ ಕರೆದರು. ಕರೆದು ನೆಲಮಾಳಿಗೆಗೆ ಇಳಿಸಿದರು. ಹೆಂಡತಿ ಮಕ್ಕಳಿದ್ದ ಆ ಮನೆಯ ಕೆಳಗಿನ ಕೋಣೆಗೆ ಅವರಿಟ್ಟ ಹೆಸರು ‘ಇನ್ನರ್ ಇಯರ್’, ಅಂದರೆ ಒಳಗಿವಿ. ಅಮೆರಿಕದ ಪಂಕ್ ಸಂಗೀತದ ಚರಿತ್ರೆಯನ್ನು ಬರೆಯುವವರು ಯಾರೇ ಆಗಲಿ, ಈ ಕೋಣೆಯ ಮೆಟ್ಟಿಲನ್ನು ಇಳಿಯದೆ ಮುಂದೆ ಹೋಗಲಾರರು.

ಪಂಕ್ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡಬೇಕು. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ಹುಟ್ಟಿದ ಸಂಗೀತವಿದು. ಮೂರು ಸ್ವರಮೇಳ, ಒಂದೂವರೆ ಎರಡು ನಿಮಿಷದ ಹಾಡು, ಕುದುರೆ ಕೆನೆತದಂಥ ಗಿಟಾರು, ಬೊಬ್ಬೆಯಂಥ ಕಂಠ. ವರ್ಷಗಟ್ಟಲೆ ಗುರುಮುಖೇನ ಕಲಿಯುವ ಗೊಡವೆಯಿಲ್ಲ. ಇಂದು ವಾದ್ಯ ಹಿಡಿದವನು ಬರುವ ತಿಂಗಳು ವೇದಿಕೆ ಹತ್ತಬಹುದು. ಇದು ಸಂಗೀತವೇ ಅಲ್ಲ ಎನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. ಈ ಲೇಖಕನ ಕಿವಿಯೂ ಮೊದಲ ದಿನ ಹಾಗೆಯೇ ಹೇಳಿತೆಂದು ಒಪ್ಪಿಕೊಳ್ಳುತ್ತೇನೆ. ಮೂರನೆಯ ನಾಲ್ಕನೆಯ ಸಲ ಕೇಳುವಾಗ ಆ ಗದ್ದಲದೊಳಗಿನ ಲೆಕ್ಕಾಚಾರ ತಿಳಿಯತೊಡಗಿತು. ನಾಲ್ವರು ಹುಡುಗರು ಅಷ್ಟು ವೇಗದಲ್ಲಿ ಓಡುತ್ತ ಒಂದೇ ಕ್ಷಣಕ್ಕೆ ಥಟ್ಟನೆ ನಿಲ್ಲುವುದು ಸುಲಭದ ಮಾತಲ್ಲ.

ದೊಡ್ಡ ಕಂಪನಿಗಳಿಗೆ ಇವರು ಬೇಕಿರಲಿಲ್ಲ. ದೊಡ್ಡ ಸ್ಟುಡಿಯೋಗಳ ಬಾಡಿಗೆಯನ್ನು ಇವರು ತೆರುವಂತಿರಲಿಲ್ಲ. ದಾರಿ ತೋರಿಸಿದವರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡದವರೂ ಸೇರಿದ್ದಾರೆ. ಅವರು 1976ರ ಡಿಸೆಂಬರಿನಲ್ಲಿ ಸುಮಾರು 500 ಪೌಂಡು ಸಾಲ ಎತ್ತಿ, ನಾಲ್ಕು ಹಾಡುಗಳನ್ನು ಒಂದೇ ದಿನದಲ್ಲಿ ಮುದ್ರಿಸಿ, ಮರುತಿಂಗಳೇ ತಮ್ಮದೇ ಕಂಪನಿಯಿಂದ ಸಾವಿರ ರಿಕಾರ್ಡು ಹೊರತಂದರು. ಕಂಪನಿಯ ಕೃಪೆಯಿಲ್ಲದೆಯೂ ರಿಕಾರ್ಡು ಹುಟ್ಟುತ್ತದೆಂಬುದು ಹುಡುಗರಿಗೆ ತಿಳಿದುಹೋಯಿತು. ಆದರೆ ಅದಕ್ಕೊಂದು ಅಗ್ಗದ ಕೋಣೆ ಬೇಕು, ಯಂತ್ರ ಬಲ್ಲ ಒಬ್ಬ ಮನುಷ್ಯ ಬೇಕು, ಮತ್ತು ಆ ಮನುಷ್ಯ ಇವರನ್ನು ಕಂಡು ನಗಬಾರದು. ಮೂರನೆಯದೇ ದುರ್ಲಭ.

ಕೋಣೆಯ ಕಥೆ

ಜಿಯೆಂಟಾರಾ ಸ್ವತಃ ಗಿಟಾರು ನುಡಿಸಿ ಹಾಡುವವರು. ಪಂಕ್ ಅವರ ಸ್ವಂತ ಒಲವೇನೂ ಆಗಿರಲಿಲ್ಲ. ಯಂತ್ರಗಳ ವಿಷಯದಲ್ಲಿ ಮಾತ್ರ ಕೈ ಪಳಗಿತ್ತು. ಮೊದಲಿಗೆ ಅವರ ಬಳಿ ಇದ್ದುದು ನಾಲ್ಕು ಟ್ರ್ಯಾಕಿನ ಸ್ಪೂಲ್ ಟೇಪ್ ರಿಕಾರ್ಡರು. ನಮ್ಮ ಹಿರಿಯರ ಮನೆಗಳಲ್ಲಿ ಮದುವೆಯ ನಾಗಸ್ವರವನ್ನು ಹಿಡಿದಿಟ್ಟ ಸ್ಪೂಲ್ ಯಂತ್ರವನ್ನು ಕಂಡವರಿಗೆ ಅದರ ರೂಪ ಗೊತ್ತಿದ್ದೀತು. ವ್ಯತ್ಯಾಸವೆಂದರೆ, ಇದರಲ್ಲಿ ಒಂದೇ ಟೇಪಿನ ಮೇಲೆ ನಾಲ್ಕು ಧ್ವನಿಗಳನ್ನು ಅಕ್ಕಪಕ್ಕದ ನಾಲ್ಕು ಗೆರೆಗಳಂತೆ ಬೇರೆ ಬೇರೆಯಾಗಿ ಬರೆಯಬಹುದು. ಆಮೇಲೆ ಕುಳಿತು ಯಾವುದು ಎಷ್ಟು ಕೇಳಬೇಕೆಂದು ಹದ ಮಾಡಬಹುದು.

ನಾಲ್ಕೇ ಗೆರೆ ಎಂಬುದು ಮಹಾ ಇಕ್ಕಟ್ಟು. ಡ್ರಮ್ಮು ಒಂದಕ್ಕೇ ಮೂರು ನಾಲ್ಕು ಮೈಕು ಬೇಕು. ಅದರ ಮೇಲೆ ಎರಡು ಗಿಟಾರು, ಒಂದು ಕಂಠ. ಆದ್ದರಿಂದ ಹಲವು ಮೈಕುಗಳನ್ನು ಮೊದಲೇ ಕೂಡಿಸಿ ಒಂದು ಗೆರೆಗೆ ಇಳಿಸಬೇಕಾಗುತ್ತದೆ. ಹಾಗೆ ಕೂಡಿಸಿದ್ದನ್ನು ಬಿಡಿಸುವುದು, ಸಾರಿಗೆ ಹಾಕಿದ ಉಪ್ಪನ್ನು ಮರಳಿ ತೆಗೆದಂತೆಯೇ. ಟೇಪಿನ ಖರ್ಚೂ ಅಷ್ಟಿಷ್ಟಲ್ಲ. 2,500 ಅಡಿಯ ಸುರುಳಿ ಸೆಕೆಂಡಿಗೆ 15 ಅಂಗುಲದ ವೇಗದಲ್ಲಿ ಓಡಿದರೆ ಮೂವತ್ತಮೂರು ನಿಮಿಷಕ್ಕೆ ಮುಗಿಯುತ್ತದೆ. ಕೆಟ್ಟುಹೋದ ಹಾಡಿನ ಮೇಲೆಯೇ ಮತ್ತೆ ಬರೆಯಬೇಕು. ಹೊಸತು ಹಳೆಯದಕ್ಕಿಂತ ಚೆನ್ನಾಗಿ ಬರುವುದೆಂಬ ಭರವಸೆ ಯಾರು ಕೊಡುವರು?

ಶಬ್ದ ಹೊರಗೆ ಹೋಗದಂತೆ ತಡೆಯುವುದು ಮನೆಯ ಸ್ಟುಡಿಯೋದವರ ಎರಡನೆಯ ತಲೆನೋವು. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದರೆ ಸಾಕೆಂಬ ನಂಬಿಕೆ ನಮ್ಮಲ್ಲೂ ಇದೆ, ಅಲ್ಲೂ ಇದೆ. ಅದು ಬರಿಯ ಭ್ರಮೆ. ಮೊಟ್ಟೆಯ ಟ್ರೇ ಕೋಣೆಯೊಳಗಿನ ತೀಕ್ಷ್ಣ ಧ್ವನಿಯ ಮಾರ್ದನಿಯನ್ನು ಸ್ವಲ್ಪ ಕುಗ್ಗಿಸೀತೇ ಹೊರತು ಡ್ರಮ್ಮಿನ ಗುಡುಗನ್ನು ತಡೆಯಲಾರದು. ಗುಡುಗನ್ನು ತಡೆಯಲು ಭಾರ ಬೇಕು: ಇಟ್ಟಿಗೆ, ಕಾಂಕ್ರೀಟು, ಮಣ್ಣು. ನೆಲಮಾಳಿಗೆಗೆ ಸುತ್ತಲೂ ಮಣ್ಣಿನ ಆಸರೆ ತಾನಾಗಿಯೇ ಸಿಗುತ್ತದೆ. ಬಡ ಸ್ಟುಡಿಯೋಗಳು ಭೂಮಿಯ ಕೆಳಗೆ ಹುಟ್ಟುವುದಕ್ಕೆ ಇದೊಂದು ಕಾರಣ. ಬಾಡಿಗೆ ಇಲ್ಲದಿರುವುದು ಇನ್ನೊಂದು.

1979ರಲ್ಲಿ ಬ್ಯಾಡ್ ಬ್ರೇನ್ಸ್ ಎಂಬ ತಂಡ ಇಲ್ಲಿಗೆ ಬಂತು. ನಾಲ್ವರೂ ಕರಿಯ ತರುಣರು. ವೇಗದಲ್ಲಿ ಇವರನ್ನು ಮೀರಿಸಿದವರು ಆಗ ಇರಲಿಲ್ಲವೆನ್ನಬೇಕು. ಕೋಣೆ ಅದೆಷ್ಟು ಕಿರಿದೆಂದರೆ, ಹಾಡುಗಾರ ಎಚ್. ಆರ್. ಒಳಗೆ ನಿಂತು ಹಾಡಿದರೆ ಡ್ರಮ್ಮು ಗಿಟಾರುಗಳ ಸದ್ದೆಲ್ಲ ಅವನ ಮೈಕಿಗೆ ನುಗ್ಗುತ್ತಿತ್ತು. ಉಪಾಯವೇನು? ಅವನನ್ನು ಮೈಕಿನ ಸಹಿತ ಹಿತ್ತಲಿಗೆ ಕಳಿಸಿದರು! ನೆರೆಯವರು ಆ ದಿನ ಏನೆಂದುಕೊಂಡರೋ. ಅಂದು ಹಿಡಿದ ಟೇಪು ಹದಿನೇಳು ವರ್ಷ ಪೆಟ್ಟಿಗೆಯಲ್ಲಿದ್ದು, 1996ರಲ್ಲಿ ‘ಬ್ಲ್ಯಾಕ್ ಡಾಟ್ಸ್’ ಎಂಬ ಹೆಸರಿನಿಂದ ಹೊರಬಂತು.

ಆರುನೂರು ಡಾಲರಿನ ಪ್ರಶ್ನೆ

ಮರುವರ್ಷ ಬಂದವರು ಟೀನ್ ಐಡಲ್ಸ್ ಎಂಬ ನಾಲ್ವರು ಶಾಲಾ ಹುಡುಗರು. ಅವರನ್ನು ಇಲ್ಲಿಗೆ ಕರೆತಂದವರು ಸ್ಕಿಪ್ ಗ್ರಾಫ್. ಪಕ್ಕದ ಮೇರಿಲ್ಯಾಂಡ್ ರಾಜ್ಯದ ರಾಕ್‌ವಿಲ್‌ನಲ್ಲಿ ರಿಕಾರ್ಡಿನ ಅಂಗಡಿ ಇಟ್ಟುಕೊಂಡಿದ್ದವರು. ತಂಡದಲ್ಲಿ ಗಿಟಾರಿನ ಮಂದ್ರ ನುಡಿಸುತ್ತಿದ್ದ ಇಯಾನ್ ಮೆಕೈ ಪತ್ರಕರ್ತರ ಮಗ. ಡ್ರಮ್ಮು ಬಾರಿಸುತ್ತಿದ್ದವನು ಜೆಫ್ ನೆಲ್ಸನ್. ಟೇಪು ಸಿದ್ಧವಾಯಿತು, ಆದರೆ ವರ್ಷದ ಕೊನೆಯ ವೇಳೆಗೆ ತಂಡವೇ ಮುರಿಯಿತು. ಸುಮಾರು ಒಂದು ವರ್ಷದ ಕಚೇರಿಗಳಿಂದ ಕೂಡಿಟ್ಟ ಹಣ ಆರುನೂರು ಡಾಲರಿನಷ್ಟಿತ್ತು. ನಾಲ್ವರೂ ಹಂಚಿಕೊಂಡು ಮನೆಗೆ ಹೋಗುವುದೋ, ಸತ್ತ ತಂಡದ ನೆನಪಿಗೆ ಒಂದು ರಿಕಾರ್ಡು ತರುವುದೋ?

ರಿಕಾರ್ಡೇ ಆಗಲಿ ಎಂದರು. 1980ರ ಡಿಸೆಂಬರಿನಲ್ಲಿ ‘ಮೈನರ್ ಡಿಸ್ಟರ್ಬೆನ್ಸ್’ ಎಂಬ ಏಳಂಗುಲದ ತಟ್ಟೆ ಸಾವಿರ ಪ್ರತಿ ಅಚ್ಚಾಯಿತು: ಎಂಟು ಹಾಡು, ಒಟ್ಟು ಹತ್ತು ನಿಮಿಷಕ್ಕೂ ಕಡಮೆ. ರಕ್ಷಾಪುಟಕ್ಕೆ ಹಣ ಸಾಲದು. ಇಂಗ್ಲೆಂಡಿನ ಒಂದು ರಿಕಾರ್ಡಿನ ಚೀಲವನ್ನು ಬಿಡಿಸಿ, ಅದರ ಅಳತೆಗೆ ಕಾಗದ ಅಚ್ಚು ಹಾಕಿಸಿ, ಗೆಳೆಯರೆಲ್ಲ ಕೂತು ಕತ್ತರಿಸಿ, ಮಡಿಸಿ, ಗೋಂದು ಹಚ್ಚಿದರು. ದೀಪಾವಳಿಗೆ ಆಕಾಶಬುಟ್ಟಿ ಕಟ್ಟುವ ನಮ್ಮ ಮನೆಗಳ ಹಜಾರದ ನೋಟವೇ ಕಣ್ಣಿಗೆ ಬರುತ್ತದೆ. ಕಂಪನಿಗೆ ಡಿಸ್ಕಾರ್ಡ್ ಎಂದು ಹೆಸರಿಟ್ಟರು. ರಿಕಾರ್ಡಿನ ಮೇಲೆ ಕೊಟ್ಟ ವಿಳಾಸ ಮೆಕೈಯ ತಾಯಿತಂದೆಯರ ಮನೆಯದು.

ಆ ರಕ್ಷಾಪುಟದ ಚಿತ್ರದಲ್ಲಿ ಎರಡು ಮುಷ್ಟಿಗಳು, ಪ್ರತಿಯೊಂದರ ಹಿಂಬದಿಗೆ ಕಪ್ಪು ಮಸಿಯ ಗುಣಾಕಾರ ಚಿಹ್ನೆ. ಮದ್ಯ ಮಾರುವ ಸಭಾಂಗಣಗಳಿಗೆ ಎಳೆಯರನ್ನು ಬಿಡುತ್ತಿರಲಿಲ್ಲ. “ಕುಡಿಯಲು ಕೊಡಬೇಡಿ, ಸಂಗೀತ ಕೇಳಲು ಬಿಡಿ” ಎಂಬ ಒಪ್ಪಂದದ ಗುರುತು ಅದು. ಮೆಕೈಯ ಮುಂದಿನ ತಂಡವಾದ ಮೈನರ್ ಥ್ರೆಟ್ 1981ರಲ್ಲಿ ಇದೇ ನೆಲಮಾಳಿಗೆಯಲ್ಲಿ ಹಿಡಿದ ಹಾಡುಗಳಲ್ಲಿ ಒಂದು, ಕುಡಿತ ಮಾದಕವಸ್ತುಗಳು ತನಗೆ ಬೇಡವೆಂದು ಸಾರುವ ನಲವತ್ತಾರು ಸೆಕೆಂಡಿನ ‘ಸ್ಟ್ರೇಟ್ ಎಡ್ಜ್’. ಆ ಹೆಸರಿನಿಂದಲೇ ದೇಶದೇಶಗಳ ತರುಣರಲ್ಲಿ ಒಂದು ನೇಮ ಹರಡಿತು. ಬೋಳುತಲೆ ಕಂಡು ಬಾಗಿಲು ಹಾಕಿಕೊಂಡ ತಾಯಿತಂದೆಯರಿಗೆ ಇದು ತಿಳಿದಿತ್ತೋ ಇಲ್ಲವೋ.

ಕೋಣೆಯ ಯಜಮಾನ

ಸಣ್ಣ ಸ್ಟುಡಿಯೋ ನಡೆಸುವವನ ಕೆಲಸದಲ್ಲಿ ಯಂತ್ರದ ಪಾಲು ಅರ್ಧ ಮಾತ್ರ. ಕೆಂಪು ದೀಪ ಹತ್ತಿದೊಡನೆ ಬೆವರುವ ಹುಡುಗನನ್ನು ಸಮಾಧಾನಪಡಿಸಬೇಕು. ಶ್ರುತಿ ತಪ್ಪಿದೆಯೆಂದು ನೋಯದಂತೆ ಹೇಳಬೇಕು. ಗಿಟಾರಿನವನಿಗೂ ಡ್ರಮ್ಮಿನವನಿಗೂ ಜಗಳ ಹತ್ತಿದರೆ ನಡುವೆ ನಿಲ್ಲಬೇಕು. ಹನ್ನೊಂದನೆಯ ಸಲವೂ ಕೆಟ್ಟರೆ ಹನ್ನೆರಡಕ್ಕೆ ಟೇಪು ತಿರುಗಿಸಬೇಕು. ಜಿಯೆಂಟಾರಾ ಅವರ ಬಗ್ಗೆ ವಾದ್ಯಗಾರರು ಮತ್ತೆ ಮತ್ತೆ ಹೇಳುವ ಮಾತು ಅವರ ತಾಳ್ಮೆಯದು. ತನ್ನ ರುಚಿಯನ್ನು ಹೇರಲಿಲ್ಲ. ಹುಡುಗರು ಹೇಗೆ ಬಾರಿಸಿದರೋ ಹಾಗೆಯೇ ಹಿಡಿದುಕೊಟ್ಟರು. ದರವನ್ನೂ ಹುಡುಗರ ಕಿಸೆಗೆ ಎಟಕುವಂತೆಯೇ ಇಟ್ಟರು.

1990ರಲ್ಲಿ ಸ್ಟುಡಿಯೋ ಮನೆಯನ್ನು ಬಿಟ್ಟು, ಅದೇ ಊರಿನ ಒಂದು ವಾಣಿಜ್ಯ ಕಟ್ಟಡಕ್ಕೆ ಹೋಯಿತು. ಆ ವೇಳೆಗೆ ಮೆಕೈಯ ಫುಗಾಜಿ ತಂಡ ಹೆಸರಾಗಿತ್ತು. ಕಚೇರಿಯ ಟಿಕೆಟನ್ನು ಐದು ಡಾಲರಿನ ಆಸುಪಾಸಿನಲ್ಲೇ ಇಡಲು ಹಟ ಹಿಡಿದ, ದೊಡ್ಡ ಕಂಪನಿಗಳ ಹಣವನ್ನು ಬೇಡವೆಂದ ತಂಡವದು. 1992ರಲ್ಲಿ ಅವರು ಶಿಕಾಗೋ ನಗರಕ್ಕೆ ಹೋಗಿ, ಆ ಕಾಲದ ಪ್ರಖ್ಯಾತ ಧ್ವನಿಮುದ್ರಕ ಸ್ಟೀವ್ ಆಲ್ಬಿನಿ ಅವರಲ್ಲಿ ಹಾಡುಗಳನ್ನು ಹಿಡಿಸಿದರು. ಮನೆಗೆ ಬಂದು ಕೇಳಿದರೆ ಮನಸ್ಸಿಗೆ ಬರಲಿಲ್ಲ, ಆಲ್ಬಿನಿಯವರಿಗೂ ಬಂದಿರಲಿಲ್ಲ. ಎಲ್ಲವನ್ನೂ ಬದಿಗಿಟ್ಟು ಇನ್ನರ್ ಇಯರಿನಲ್ಲಿ ಮೊದಲಿನಿಂದ ಮುದ್ರಿಸಿದರು. 1993ರಲ್ಲಿ ಹೊರಬಂದ ‘ಇನ್ ಆನ್ ದ ಕಿಲ್ ಟೇಕರ್’ ಅದೇ. ಹರೆಯದಲ್ಲಿ ಸ್ಕ್ರೀಮ್ ತಂಡದ ಡ್ರಮ್ಮುಗಾರನಾಗಿ ಇಲ್ಲಿಗೆ ಬರುತ್ತಿದ್ದ ಡೇವ್ ಗ್ರೋಲ್, ಲೋಕಪ್ರಸಿದ್ಧನಾದ ಮೇಲೆ 2014ರಲ್ಲಿ ತನ್ನ ಫೂ ಫೈಟರ್ಸ್ ತಂಡವನ್ನು ಕರೆತಂದು ಇಲ್ಲೊಂದು ಹಾಡನ್ನು ಮುದ್ರಿಸಿದ.

ಇಷ್ಟೆಲ್ಲ ಆದರೂ ಕಟ್ಟಡ ಸ್ವಂತದ್ದಾಗಲಿಲ್ಲ. 2021ರಲ್ಲಿ ಆರ್ಲಿಂಗ್ಟನ್ ಕೌಂಟಿಯ ಆಡಳಿತ ಆ ಜಾಗವನ್ನು ಕೊಂಡಿತು. ಹಳೆಯ ಕಟ್ಟಡವನ್ನು ಕೆಡವಿ, ಆ ನೆಲವನ್ನು ಕಲೆ ಮತ್ತು ಕೈಗಾರಿಕೆಗಳಿಗೆ ಮೀಸಲಿಡುವ ಯೋಜನೆ ಅವರದು. ಕಲೆಗಾಗಿ ಮಾಡಿದ ಯೋಜನೆಯಿಂದಲೇ ಸ್ಟುಡಿಯೋ ಎತ್ತಂಗಡಿಯಾದುದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದು. ಆಡಳಿತದವರನ್ನು ದೂರಿಯೂ ಪ್ರಯೋಜನವಿಲ್ಲ. ಕಟ್ಟಡ ಹಳತಾಗಿತ್ತೆಂಬುದು ನಿಜ.

ಮೂವತ್ತು ವರ್ಷ ಕೂಡಿದ್ದ ಮೈಕು, ತಂತಿ, ಯಂತ್ರಗಳನ್ನು ಜಿಯೆಂಟಾರಾ ಅಲ್ಲಿಂದ ತೆಗೆಸಿದರು. ಅಷ್ಟನ್ನೂ ಹಿಡಿಸುವ ಜಾಗ ಬೇರೆಲ್ಲಿ ಸಿಗಬೇಕು? ಎಪ್ಪತ್ತು ದಾಟಿದ ಆ ಹಿರಿಯರು ಕೆಲಸವನ್ನು ನಿಲ್ಲಿಸುವ ಬದಲು, ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು, ತಮ್ಮ ಮನೆಯ ನೆಲಮಾಳಿಗೆಗೇ ಮರಳಿದರು.